ಅಜ್ಜಿ ನಿಲ್ಲುತ್ತಿದ್ದ ಜಾಗ

ಅಜ್ಜಿ ತೀರಿಕೊಂಡ ಮೇಲೆ ಲಾಂಡ್ರಿಯ ಬಾಗಿಲು ಮತ್ತೆ ತೆರೆದ ಮೊದಲ ದಿನವೇ ಅಣ್ಣನ ಹಣೆ ತಂಗಿಯ ಹಣೆಗೆ ಡಿಕ್ಕಿ ಹೊಡೆಯಿತು. ಎರಡು ಮರದ ಸೌಟು ಒಂದಕ್ಕೊಂದು ಬಡಿದಂಥ ಸದ್ದು. ಅಡುಗೆಮನೆಯಲ್ಲಿ ಆಲೂಗಡ್ಡೆ ಹೆಚ್ಚುತ್ತಿದ್ದ ಸೊಸೆ ಚಾಕು ಕೈಯಲ್ಲಿ ಹಿಡಿದೇ ಓಡಿ ಬಂದಳು.

ಅಂಗಡಿಯ ಹಿಂದಿನ ದೊಡ್ಡ ಕೋಣೆಯಲ್ಲಿ ಅವಳ ಗಂಡ ಹಣೆ ಹಿಡಿದುಕೊಂಡು ನಿಂತಿದ್ದ. ಎದುರಿಗೆ ಅವನ ತಂಗಿ, ಅಂದರೆ ಇವಳ ನಾದಿನಿ, ತಾನೂ ಹಣೆ ಉಜ್ಜಿಕೊಳ್ಳುತ್ತಿದ್ದಳು. ಇಬ್ಬರ ನಡುವೆ ನೆಲದ ಮೇಲೆ ನರ್ಸಿಂಗ್ ಹೋಮಿನ ದೊಡ್ಡ ಬೆಡ್‌ಶೀಟು. ಒಗೆದು, ಗಂಜಿ ಹಾಕಿ, ಒಣಗಿಸಿದ್ದು. ಅದರ ಒಂದು ತುದಿ ಬಕೆಟ್ಟಿನೊಳಗೆ ಇಳಿದು ಹಾಯಾಗಿ ನೀರು ಕುಡಿಯುತ್ತಿತ್ತು.

"ನಾನು ಬರ್ತಿರೋದು ಕಾಣ್ಲಿಲ್ವೇನೆ?" ಎಂದ ಅಣ್ಣ.

"ನಾನೂ ಬರ್ತಿದ್ದೆ. ನಿನಗೆ ಕಣ್ಣಿರಲಿಲ್ವಾ?"

"ನೀನು ನಿಲ್ಲಬೇಕಾಗಿತ್ತು."

"ನಾನ್ಯಾಕೆ ನಿಲ್ಲಲಿ? ನೀನು ನಿಲ್ಲು."

"ಅಲ್ಲ, ಇಬ್ಬರೂ ನಡ್ಕೊಂಡು ಬಂದ್ರೆ ಮಡಚೋದು ಹೇಗೆ?"

"ಅದನ್ನೇ ನಾನೂ ಕೇಳ್ತಿರೋದು!"

ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತು ದಿಂಬಿನ ಕವರುಗಳನ್ನು ಜೋಡಿಸುತ್ತಿದ್ದ ತಾತ ಕನ್ನಡಕದ ಮೇಲಿಂದ ನೋಡಿದ. "ಹೋದವಳು ಬರೀಗೈಲಿ ಹೋಗಲಿಲ್ಲ. ನಿಲ್ಲೋ ವಿದ್ಯೇನೂ ತಗೊಂಡೇ ಹೋದ್ಲು," ಎಂದವನೇ ಮತ್ತೆ ಕವರಿಗೆ ತಲೆ ಬಗ್ಗಿಸಿದ.

ಮಾತಿನಲ್ಲಿ ಸುಳ್ಳಿರಲಿಲ್ಲ. ಆ ಮನೆಯಲ್ಲಿ ಹುಟ್ಟಿದವರೂ ಮದುವೆಯಾಗಿ ಬಂದವರೂ ಬೆಡ್‌ಶೀಟು ಮಡಚುವುದನ್ನು ಕಲಿತದ್ದು ಅಜ್ಜಿಯ ಎದುರಿಗೆ. ದೊಡ್ಡ ಬೆಡ್‌ಶೀಟಿಗೆ ಇಬ್ಬರು ಬೇಕು. ಒಬ್ಬರು ಎರಡು ಮೂಲೆ ಹಿಡಿದು ನಿಲ್ಲಬೇಕು. ಇನ್ನೊಬ್ಬರು ಉಳಿದೆರಡು ಮೂಲೆ ಹಿಡಿದು, ಜಗ್ಗಿ ಸುಕ್ಕು ಬಿಡಿಸಿ, ನಡೆದು ಬಂದು, ಮೂಲೆಗೆ ಮೂಲೆ ಸೇರಿಸಿ ಕೊಟ್ಟು, ಕೆಳಗೆ ಜೋತ ಮಡಿಕೆಯನ್ನು ಹಿಡಿದು ಹಿಂದಕ್ಕೆ ಸರಿಯಬೇಕು. ಹೀಗೆ ಮೂರು ಸಲ ನಡೆದರೆ ಒಂದು ಬೆಡ್‌ಶೀಟು ಮುಗಿಯಿತು. ಅಜ್ಜಿ ಜೀವಮಾನದಲ್ಲಿ ಒಂದು ಸಲವೂ ನಡೆದವಳಲ್ಲ. ಕಿಟಕಿಯ ಪಕ್ಕದ ಕಂಬಕ್ಕೆ ಬೆನ್ನು ಕೊಟ್ಟು ನಿಲ್ಲುತ್ತಿದ್ದಳು. "ನಾನು ನಿಂತಿರ್ತೀನಿ, ನೀವು ಬನ್ನಿ. ಬಾಯಾರಿದೋರ ಮನೆಗೆ ಬಾವಿ ಹೋಗುತ್ತಾ?" ಎನ್ನುತ್ತಿದ್ದಳು. ಅವಳಿಲ್ಲದಾಗ ದೊಡ್ಡ ಬೆಡ್‌ಶೀಟು ಯಾರೂ ಮುಟ್ಟುವಂತಿರಲಿಲ್ಲ. ಕಣ್ಣಿನ ಆಪರೇಷನ್ನಿಗೆ ಹೋದಾಗಲೂ ರಾಶಿ ಹಾಗೇ ಕಾದಿತ್ತು. ಅವಳು ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ಬಂದು ನೆಟ್ಟಗೆ ಕಂಬದ ಹತ್ತಿರ ನಿಂತಳು. ಹೀಗಾಗಿ ಮನೆಮಂದಿಗೆಲ್ಲ ನಡೆಯುವುದು ಗೊತ್ತು, ನಿಲ್ಲುವುದು ಒಬ್ಬರಿಗೂ ಗೊತ್ತಿಲ್ಲ. ಹಣೆ ಡಿಕ್ಕಿಯಾದ ಆ ಸೋಮವಾರದವರೆಗೆ ಈ ಸಂಗತಿ ಯಾರ ಗಮನಕ್ಕೂ ಬಂದಿರಲಿಲ್ಲ.

ಬರೀ ಬೆಡ್‌ಶೀಟಿನ ಮಾತಾಗಿದ್ದರೆ ಹೇಗೋ ಆಗುತ್ತಿತ್ತು. ಆದರೆ ಆ ಜಾಗವೇ ಮನೆಯ ಕೋರ್ಟು ಕೂಡ. ಊಟದ ಹೊತ್ತಿನಲ್ಲಿ ಯಾರಾದರೂ ಜಗಳ ತೆಗೆದರೆ ಅಜ್ಜಿ ಅವರ ತಟ್ಟೆ ಎತ್ತಿಬಿಡುತ್ತಿದ್ದಳು. "ದೇವರು ಕೊಟ್ಟಿರೋದು ಒಂದೇ ಬಾಯಿ. ತಿನ್ನೋದಾದ್ರೆ ತಿನ್ನು, ಬೈಯೋದಾದ್ರೆ ನಾಳೆ ಕಂಬದ ಹತ್ತಿರ ಬಾ." ಮರುದಿನ ದೂರಿದ್ದವರು ಅವಳ ಎದುರು ಎರಡು ಮೂಲೆ ಹಿಡಿಯಬೇಕು. ಮೂರು ನಡಿಗೆಯೊಳಗೆ ಹೇಳುವುದನ್ನೆಲ್ಲ ಹೇಳಿ ಮುಗಿಸಬೇಕು. ಆಮೇಲೆ ಅಜ್ಜಿ ಮಡಚಿದ್ದನ್ನು ರಾಶಿಯ ಮೇಲಿಟ್ಟು, ಎರಡು ಸಲ ತಟ್ಟಿ, ತೀರ್ಪು ಕೊಡುತ್ತಿದ್ದಳು. ಅದಕ್ಕೆ ಅಪೀಲಿಲ್ಲ.

ಸೊಸೆ ಮದುವೆಯಾಗಿ ಬಂದ ಹೊಸದರಲ್ಲಿ ಒಮ್ಮೆ ಹೀಗೆ ಮೂಲೆ ಹಿಡಿದಿದ್ದಳು. "ಅತ್ತೆ, ಇವರು ಊಟಕ್ಕೆ ಕೂತ್ರೆ ಒಂದು ಮಾತೂ ಆಡಲ್ಲ," ಮೊದಲ ನಡಿಗೆ. "ಅಡುಗೆ ಚೆನ್ನಾಗಿದೆಯೋ ಹಾಳಾಗಿದೆಯೋ, ಏನೂ ಇಲ್ಲ," ಎರಡನೆಯದು. ಮೂರನೆಯದಕ್ಕೆ ಅಳುವೇ ಬಂದುಬಿಟ್ಟಿತ್ತು: "ಗೋಡೆ ಜೊತೆ ಸಂಸಾರ ಮಾಡಿದ ಹಾಗಾಗಿದೆ." ಅಜ್ಜಿ ಎರಡು ಸಲ ತಟ್ಟಿದಳು. "ನೋಡೇ ಹೊಸಬಳೇ, ಅವನು ಬಾಯಿ ಬಿಟ್ರೆ ಏನು ಹೇಳ್ತಾನೆ ಅಂತ ಹೆತ್ತ ನನಗೆ ಗೊತ್ತು. ಸುಮ್ನಿದ್ದಾನಲ್ಲ, ಅದು ನಿನ್ನ ಪುಣ್ಯ."

ಇಸ್ತ್ರಿ ಮೇಜಿನ ಹಿಂದೆ ನಿಂತಿದ್ದ ನಾದಿನಿ ಭೋರೆಂದು ನಕ್ಕಿದ್ದಳು. ಅವಳ ನಗುವಿಗೆ ಕಿಟಕಿಯ ಗಾಜು ನಡುಗುತ್ತದೆಂದು ಅಜ್ಜಿ ಅವಳಿಗೆ 'ಗುಡುಗು' ಎಂದು ಹೆಸರಿಟ್ಟಿದ್ದಳು. ಅಳುತ್ತಿದ್ದ ಸೊಸೆಗೂ ನಗು ಹತ್ತಿತು. ಅವತ್ತಿನಿಂದ ಅತ್ತಿಗೆ ನಾದಿನಿ ಒಂದು ಕಡೆ. ಗುಡುಗು ತನ್ನ ಗಂಡನ ಮನೆ ಬಿಟ್ಟು ಬಂದು ಈ ಮನೆಯ ಇಸ್ತ್ರಿ ಹಿಡಿದು ಆಗಲೇ ಬಹಳ ಕಾಲವಾಗಿತ್ತು. ಆ ಕತೆಯನ್ನು ಅವಳೂ ಹೇಳಲಿಲ್ಲ, ಸೊಸೆಯೂ ಕೇಳಲಿಲ್ಲ. ಈರುಳ್ಳಿ ಹೆಚ್ಚುವಾಗ, ಪಾತ್ರೆ ತಿಕ್ಕುವಾಗ, ಇಬ್ಬರಿಗೂ ನಗುವುದಕ್ಕೆ ಏನಾದರೊಂದು ಸಿಗುತ್ತಿತ್ತು. ಹೆಚ್ಚಾಗಿ ಸಿಗುತ್ತಿದ್ದವನು ಸೊಸೆಯ ಗಂಡ.

ಅಜ್ಜಿಗೆ ಎಲ್ಲರಿಗೂ ಹೆಸರಿಡುವ ಚಾಳಿ. ಸೊಸೆ ಬಂದು ಹದಿನೇಳು ವರ್ಷವಾದರೂ 'ಹೊಸಬಳು'. ಮೊಮ್ಮಗಳು ಮಾತಿಗೆ ಮಾತು ಸೇರಿಸುತ್ತಾಳೆಂದು 'ವಕೀಲೆ'. ಹೊರಗಿನವರಿಗೂ ಬಿಡುಗಡೆ ಇರಲಿಲ್ಲ. ಒಂದು ಸಲ ಲಾಡ್ಜಿನ ಮ್ಯಾನೇಜರು ಬೆಡ್‌ಶೀಟಿನ ಕಲೆ ಹೋಗಿಲ್ಲವೆಂದು ಕೂಗಾಡಿಕೊಂಡು ಬಂದಿದ್ದ. ಅಜ್ಜಿ ಆ ಕಲೆಯನ್ನು ಬೆಳಕಿಗೆ ಹಿಡಿದು, ಮೂಗಿನ ಹತ್ತಿರ ತಂದು, ಗಂಭೀರವಾಗಿ ಹೇಳಿದ್ದಳು: "ಈ ಕಲೆ ಹೋಗಬೇಕಾದ್ರೆ ಸೋಪು ಬದಲಾಯಿಸಿ ಪ್ರಯೋಜನ ಇಲ್ಲ ಸ್ವಾಮಿ. ನಿಮ್ಮ ಲಾಡ್ಜಿಗೆ ಬರೋ ಜನ ಬದಲಾಗಬೇಕು." ಮ್ಯಾನೇಜರು ಟೀ ಕುಡಿದು ಹೋದ. ಇಷ್ಟು ಹೊತ್ತು ನಿಂತಿರಬೇಡಿ ಎಂದ ಡಾಕ್ಟರಿಗೂ ಒಂದು ಕೊಟ್ಟಿದ್ದಳು. "ಕೂತ್ರೂ ಸಾಯ್ತೀನಿ, ನಿಂತ್ರೂ ಸಾಯ್ತೀನಿ. ನಾನು ನಿಂತೇ ಸಾಯ್ತೀನಿ. ನೀವು ಫೀಸು ಕಮ್ಮಿ ಮಾಡಿ." ಕೊನೆಗೆ ನಿಂತು ಸಾಯಲಿಲ್ಲ. ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವಳು ಏಳಲಿಲ್ಲ. ಕೊನೆಯ ಮಾತು ತನ್ನದಾಗದೆ ಅವಳು ಹೋದದ್ದು ಅದೊಂದೇ ಸಲ ಎಂದು ತಾತ ಬಂದವರಿಗೆಲ್ಲ ಹೇಳಿದ.

ಡಿಕ್ಕಿಯಾದ ಮರುದಿನ ಗಂಡ ಟೀ ಕೂಡ ಕುಡಿಯದೆ ಹೋಗಿ ಕಂಬಕ್ಕೆ ಬೆನ್ನು ಕೊಟ್ಟು ನಿಂತ.

"ಬಾ," ಎಂದ ತಂಗಿಗೆ.

ಗುಡುಗು ಬಂದಳು. ಅವನನ್ನು ಮೇಲಿಂದ ಕೆಳಗೆ ನೋಡಿದಳು. ತನ್ನ ಎರಡು ಮೂಲೆ ಹಿಡಿದು ತಾನೂ ನಿಂತಳು. ಒಂದು ಹೆಜ್ಜೆ ಮುಂದಿಡಲಿಲ್ಲ. ಬೆಡ್‌ಶೀಟು ಇಬ್ಬರ ನಡುವೆ ಬಿಗಿದುಕೊಂಡು ನಿಂತಿತು.

"ಎತ್ತು ಏರಿಗೆ ಎಳೀತು, ಕೋಣ ನೀರಿಗೆ ಎಳೀತು," ಎಂದ ತಾತ.

ಶಾಲೆಗೆ ಹೊರಟಿದ್ದ ವಕೀಲೆ ಬಾಗಿಲಲ್ಲೇ ನಿಂತಳು. "ತಾತ, ಇದ್ರಲ್ಲಿ ಎತ್ತು ಯಾರು, ಕೋಣ ಯಾರು?"

"ಅದು ಗೊತ್ತಾಗಿದ್ರೆ ಜಗಳ ಯಾಕಿರ್ತಿತ್ತು?"

"ನೀನು ಸ್ಕೂಲಿಗೆ ಹೋಗೇ!" ಎಂದು ಅಣ್ಣ ತಂಗಿ ಇಬ್ಬರೂ ಒಟ್ಟಿಗೆ ಕೂಗಿದರು. ಆ ತಿಂಗಳಲ್ಲಿ ಅವರಿಬ್ಬರೂ ಒಪ್ಪಿದ ಮಾತು ಅದೊಂದೇ.

ಆಮೇಲೆ ಗುಡುಗು ತನ್ನ ಪಾಲಿನ ಬೆಡ್‌ಶೀಟುಗಳ ಎರಡು ಮೂಲೆಗಳನ್ನು ಕಿಟಕಿಯ ಸರಳಿಗೆ ಕಟ್ಟಿ ಒಬ್ಬಳೇ ಮಡಚತೊಡಗಿದಳು. ಗಂಡ ತಾತನನ್ನು ಎದುರಿಗೆ ನಿಲ್ಲಿಸಿಕೊಂಡ. ತಾತ ನಡುನಡುವೆ ಮೂಲೆ ಬಿಟ್ಟು ಮೂಗು ಒರೆಸಿಕೊಳ್ಳುತ್ತಿದ್ದ. ಒಂದು ವಾರದಲ್ಲಿ ಸೊಟ್ಟ ಮಡಿಕೆಯ ಗಂಟುಗಳು ಊರೆಲ್ಲ ಹೋದವು. ನರ್ಸಿಂಗ್ ಹೋಮಿನ ಆಯಾ ಒಂದು ಗಂಟನ್ನು ಹಾಗೇ ವಾಪಸು ಹೊತ್ತು ತಂದು ಕಟ್ಟೆಯ ಮೇಲೆ ಕುಕ್ಕಿದಳು. "ಇದೇನು ಬೆಡ್‌ಶೀಟೋ ಗಾಳಿಪಟಾನೋ? ದೊಡ್ಡಮ್ಮ ಇದ್ದಿದ್ರೆ ಹಿಂಗಾಗ್ತಿತ್ತಾ?"

ಅವತ್ತು ರಾತ್ರಿ ಊಟಕ್ಕೆ ಅನ್ನ, ಬೇಳೆ, ಹುರಿದ ಆಲೂಗಡ್ಡೆ. ಅರ್ಧ ಊಟ ಮುಗಿಯಿತು. ಗಂಡನೇ ಬಾಯಿ ತೆರೆದ.

"ಅಂಗಡಿ ಹೆಸರು ಹಾಳಾಗ್ತಿದೆ."

"ನನ್ನಿಂದ ಅಂತೀಯಾ?" ಎಂದಳು ಗುಡುಗು.

"ನಾನು ಯಾರಿಂದ ಅಂತ ಹೇಳಲಿಲ್ಲ. ದೊಡ್ಡವನು ನಾನು. ಅಮ್ಮ ನಿಲ್ತಿದ್ದ ಜಾಗದಲ್ಲಿ ನಾನು ನಿಲ್ಲಬೇಕು. ಅಷ್ಟೇ."

"ದೊಡ್ಡವನು! ಬೆಳಗಾದ್ರೆ ಗಾಡಿ ತಗೊಂಡು ಊರು ಸುತ್ತೋನು ನೀನು. ಅಮ್ಮನ ಜೊತೆ ಈ ಕೋಣೇಲಿ ಬೆಂದೋಳು ನಾನು. ಅವಳ ಜಾಗ ಅಂದ್ರೆ ಅದು ನಂದು."

"ಅಂಗಡಿ ನಡೆಸೋದು ಯಾರು?"

"ಓಹೋ. ಹಾಗಾದ್ರೆ ನಾನು ಯಾರು ಇಲ್ಲಿ? ಕೂಲಿಯವಳಾ?"

ಗಂಡ ಬಾಯಿಗೆ ತುತ್ತಿಟ್ಟುಕೊಂಡ. ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಅವನು ಸುಮ್ಮನಿದ್ದದ್ದು ಈ ಸಲ ಯಾರ ಪುಣ್ಯವೂ ಆಗಲಿಲ್ಲ. ಗುಡುಗು ತಟ್ಟೆ ಎತ್ತಿಕೊಂಡು ಎದ್ದಳು. ಬಾಗಿಲ ಹತ್ತಿರ ನಿಂತು, ಜೋರು ದನಿಯೇ ಇಲ್ಲದೆ ಹೇಳಿದಳು; ಅದೇ ಎಲ್ಲರಿಗೂ ಹೆದರಿಕೆ ಹುಟ್ಟಿಸಿತು:

"ಆ ದೊಡ್ಡ ಹೋಟೆಲಿನವರು ಬಟ್ಟೆ ನೋಡ್ಕೊಳ್ಳೋಕೆ ಆಳು ಬೇಕು ಅಂತ ಕೇಳ್ತಾನೇ ಇದ್ರು. ಇರೋಕೆ ರೂಮೂ ಕೊಡ್ತಾರಂತೆ. ಒಂದನೇ ತಾರೀಖಿಗೆ ಬರ್ತೀನಿ ಅಂತ ನಾಳೆ ಹೇಳ್ತೀನಿ."

ಪಾತ್ರೆ ತಿಕ್ಕುವಾಗ ಸೊಸೆ ಮೆಲ್ಲಗೆ ಕೇಳಿದಳು. "ನಿಜವಾಗ್ಲೂ ಹೋಗ್ತೀಯಾ?"

"ಅಣ್ಣ ಹೋಗಬೇಡ ಅಂದ್ನಾ?"

"ಅವರು ಯಾವತ್ತು ಏನಂದಿದ್ದಾರೆ?"

"ಅಂದ್ರೆ ಇರ್ತೀನಿ ಅತ್ತಿಗೆ. ಅನ್ನಲ್ಲ, ಅದಕ್ಕೇ ಹೋಗ್ತೀನಿ." ಗುಡುಗು ಬಾಣಲೆಯನ್ನು ಅದರ ಜನ್ಮವೇ ಜಾಲಾಡಿಹೋಗುವ ಹಾಗೆ ತಿಕ್ಕಿದಳು. "ಅಮ್ಮ ಇದ್ದಿದ್ರೆ ಮೂರು ಮಡಿಕೆಗೆ ಮುಗೀತಿತ್ತು."

ಸೊಸೆಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇವಳೂ ಹೋದರೆ ಈ ಅಡುಗೆಮನೆಯಲ್ಲಿ ನಗುವುದಕ್ಕೆ ತನಗೆ ಜೊತೆ ಯಾರು? ತಾತನಿಗೆ ತನ್ನ ಲೋಕ, ಮಗಳಿಗೆ ಪರೀಕ್ಷೆ, ಗಂಡನಿಗೆ ಗೋಡೆಯ ಮೌನ. ಒಬ್ಬಳೇ ನಕ್ಕರೆ ಜನ ಹುಚ್ಚಿ ಅನ್ನುತ್ತಾರೆ.

ಗಂಡನ ಹತ್ತಿರ ಮಾತೆತ್ತಿದಳು. ಅವನು ಗಾಡಿಯ ಚಕ್ರಕ್ಕೆ ಎಣ್ಣೆ ಬಿಡುತ್ತಿದ್ದ.

"ಹೋಗಬೇಡ ಅಂತ ಒಂದು ಮಾತು ಹೇಳ್ರೀ."

"ಅವಳಿಗೆ ಗೊತ್ತಿಲ್ವಾ?"

"ಗೊತ್ತಿರೋದನ್ನೇ ಕಿವಿಯಾರೆ ಕೇಳಬೇಕು ಅಂತ ಜನ ಕಾಯ್ತಾರೆ."

"ಎಲ್ಲಾನೂ ಬಾಯಿ ಬಿಟ್ಟು ಹೇಳಬೇಕಾ? ಅಮ್ಮ ಇದ್ದಿದ್ರೆ..."

"ಅಮ್ಮ ಇಲ್ಲ," ಎಂದಳು ಸೊಸೆ. "ಎಲ್ಲರೂ ಅದನ್ನೇ ಹೇಳ್ತಿದ್ದೀರಿ. ಅಮ್ಮ ಇದ್ದಿದ್ರೆ, ಅಮ್ಮ ಇದ್ದಿದ್ರೆ. ಇಲ್ಲ. ನಾವೇ ಇರೋದು."

ಅವನು ಇನ್ನೊಂದು ಚಕ್ರಕ್ಕೆ ಎಣ್ಣೆ ಬಿಟ್ಟ.

ತಿಂಗಳ ಕೊನೆಯ ವಾರ ಊರಿನ ಎರಡು ಲಾಡ್ಜುಗಳ ಗಂಟು, ನರ್ಸಿಂಗ್ ಹೋಮಿನ ಗಂಟು, ಎಲ್ಲ ಒಂದೇ ದಿನ ಬಂದು ಬಿದ್ದವು. ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗುಡುಗು ಕಿಟಕಿಗೆ ಕಟ್ಟುವ ಬಟ್ಟೆ ಪಟ್ಟಿ ಹುಡುಕುತ್ತಿದ್ದಳು. ಗಂಡ ತಾತನನ್ನು ಎಬ್ಬಿಸುತ್ತಿದ್ದ. ಸೊಸೆ ಒಲೆ ಆರಿಸಿದಳು, ಕೈ ತೊಳೆದು ಒರೆಸಿಕೊಂಡಳು, ಹೋಗಿ ಕಂಬಕ್ಕೆ ಬೆನ್ನು ಕೊಟ್ಟು ನಿಂತಳು.

"ಬನ್ನಿ. ಒಬ್ಬೊಬ್ಬರಾಗಿ."

"ನೀನಾ?" ಎಂದ ಗಂಡ.

"ನಿಮ್ಮಿಬ್ಬರಿಗೂ ನಡೆಯೋಕೆ ತಾನೇ ಬರೋದು? ನಡೀರಿ."

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ತಾತ ಗೊಣಗಿದ. ಮೊದಲು ಗುಡುಗು ಬಂದಳು. ಮೂಲೆ ಹಿಡಿದು ಜಗ್ಗಿದ ರಭಸಕ್ಕೆ ಸೊಸೆ ಕಂಬ ಬಿಟ್ಟು ಮುಂದಕ್ಕೆ ಬಂದಳು. "ಮೆಲ್ಲಗೆ ಮಾರಾಯ್ತಿ!" "ಅತ್ತಿಗೆ, ಸುಕ್ಕು ಹೋಗಬೇಕಲ್ಲ." ಗುಡುಗು ಬೈದಳು, ನಡೆದಳು, ಬೈದಳು, ನಡೆದಳು. ಆಮೇಲೆ ಗಂಡ ಬಂದ. ಅವನು ಬೈಯಲಿಲ್ಲ; ಬೈಯದೆ ಉಳಿದದ್ದನ್ನೆಲ್ಲ ಸೇರಿಸಿ ಜಗ್ಗಿದ. ಸೊಸೆ ಈ ಸಲ ಕಾಲು ಅಗಲಿಸಿ, ಬೆನ್ನನ್ನು ಕಂಬಕ್ಕೆ ಒತ್ತಿ ತಡೆದುಕೊಂಡಳು. ಗಂಜಿ ಕುಡಿದ ದಪ್ಪ ಬಟ್ಟೆ ಮಡಿಕೆ ಮಡಿಕೆಗೂ ಕೈಯಲ್ಲಿ ಭಾರವಾಗುತ್ತ ಹೋಗುತ್ತಿತ್ತು. ಅದನ್ನು ನೆಲಕ್ಕೆ ತಾಗದ ಹಾಗೆ ಭುಜದ ಎತ್ತರಕ್ಕೆ ಹಿಡಿದಿರಬೇಕು. ನಡೆಯುವವರಿಗೆ ಕೈ ಇಳಿಸಲು ಆಗಾಗ ಅವಕಾಶವುಂಟು, ನಿಂತವರಿಗಿಲ್ಲ.

ಮಧ್ಯಾಹ್ನ ಶಾಲೆಯಿಂದ ಬಂದ ವಕೀಲೆ ರಾಶಿಯ ಪಕ್ಕ ನಿಂತು ಕೇಳಿದಳು. "ಅಮ್ಮ, ಇಬ್ಬರ ದೂರೂ ಕೇಳಿದ್ಯಾ? ತೀರ್ಪು ಏನು?"

ಸೊಸೆ ಅಜ್ಜಿಯ ಹಾಗೆ ಎರಡು ಸಲ ತಟ್ಟಿ ಗಂಟಲು ಸರಿಮಾಡಿಕೊಂಡಳು. "ಇಬ್ಬರದೂ ಸ್ವಲ್ಪ ಸರಿ, ಇಬ್ಬರದೂ ಸ್ವಲ್ಪ ತಪ್ಪು."

"ಅಮ್ಮ, ಅದು ತೀರ್ಪಲ್ಲ. ಹವಾಮಾನ ವರದಿ."

ಗುಡುಗಿನ ತುಟಿ ಒಂದು ಕ್ಷಣ ಕುಣಿಯಿತು. ತಕ್ಷಣ ಬೇರೆ ಕಡೆ ತಿರುಗಿಕೊಂಡಳು.

ಸಂಜೆ ಊಟಕ್ಕೆ ಕೂತಾಗ ಸೊಸೆಯ ಕೈ ಬಾಯಿಯವರೆಗೆ ಬರಲಿಲ್ಲ. ತುತ್ತು ಅರ್ಧ ದಾರಿಯಲ್ಲಿ ಮಡಿಲಿಗೆ ಬಿತ್ತು. ಇನ್ನೊಂದು ತೆಗೆದಳು, ಅದೂ ಬಿತ್ತು. ಭುಜಗಳಲ್ಲಿ ಯಾರೋ ಇಸ್ತ್ರಿಯ ಕೆಂಡ ತುಂಬಿದ ಹಾಗಿತ್ತು. "ಏನಾಯ್ತು ಅತ್ತಿಗೆ?" ಎಂದು ಗುಡುಗು ಎದ್ದು ಬಂದು ಭುಜ ಮುಟ್ಟಿದ್ದಕ್ಕೆ ಸೊಸೆ ಚೀರಿಬಿಟ್ಟಳು.

ತಾತ ಎದ್ದು ತನ್ನ ಕೋಣೆಗೆ ಹೋಗಿ ಮುಲಾಮಿನ ಡಬ್ಬಿ ತಂದ. ಮುಚ್ಚಳ ತೆಗೆದೊಡನೆ ಆ ಗಾಟು ವಾಸನೆ ಮನೆ ತುಂಬಿತು.

"ಎರಡೂ ಭುಜಕ್ಕೆ ಹಚ್ಚು," ಎಂದ ಗುಡುಗಿಗೆ. "ಕತ್ತಿನಿಂದ ಕೆಳಗೆ ಎಳೀ, ಮೇಲಕ್ಕೆ ಉಜ್ಜಬೇಡ. ಎಡಗಡೆ ಬೆನ್ನಿನ ಮೂಳೆ ಹತ್ತಿರ ಒಂದು ಗಂಟಿರುತ್ತೆ ನೋಡು, ಅಲ್ಲಿ ಹೆಬ್ಬೆರಳಿಂದ ಒತ್ತು."

ಗುಡುಗು ಒತ್ತಿದಳು. ಗಂಟು ಅಲ್ಲೇ ಇತ್ತು.

"ನಿಮಗೆ ಹೇಗೆ ಗೊತ್ತಾಯ್ತು ಮಾವ?" ಎಂದಳು ಸೊಸೆ.

"ಗೊತ್ತಿಲ್ದೆ ಏನು? ದಿನಾ ಸಂಜೆ ಅವಳಿಗೆ ಹಚ್ತಿದ್ದೋನು ಯಾರು ಅಂದ್ಕೊಂಡಿದ್ದೀರಿ?"

ವಕೀಲೆ ಮೊದಲು ಬಾಯಿ ತೆರೆದಳು. "ತಾತ! ಆ ವಾಸನೆ ನಿನ್ನ ಮಂಡಿದಲ್ವಾ? ನಾವೆಲ್ಲ ನಿನಗೆ ಮುಲಾಮು ಮುದುಕ ಅಂತ..."

"ನನ್ನ ಮಂಡಿಗೇನಾಗಿದೆ? ಕಲ್ಲಿದ್ದ ಹಾಗಿದೆ. ಮೂವತ್ತು ವರ್ಷ ಮನೆಮನೆಗೆ ಕಾಗದ ಹಂಚಿದ ಕಾಲಿದು." ತಾತ ತಟ್ಟೆಯ ಮುಂದೆ ಕೂತ. "ನಂದು ಅಂತ ಹೇಳು ಅಂತ ಅವಳೇ ಹೇಳಿದ್ಲು. ಹೇಳಿದೆ. ನೀವು ಮೂಗು ಮುಚ್ಕೊಂಡು ನಗ್ತಿದ್ರಿ, ಅವಳೂ ನಿಮ್ಮ ಜೊತೆ ಸೇರ್ಕೊಂಡು ನಗ್ತಿದ್ಲು. ಅಂಥಾ ಪಾಕಡಾ ಹೆಂಗಸು."

"ನೋವು ಅಂತ ನಮಗ್ಯಾಕೆ ಹೇಳಲಿಲ್ಲ?" ಗುಡುಗಿನ ದನಿ ಗುಡುಗಾಗಿರಲಿಲ್ಲ.

"ನಾನೂ ಕೇಳ್ದೆ. 'ನೋವು ಅಂತ ಗೊತ್ತಾದ್ರೆ ಮಕ್ಕಳು ಮೆಲ್ಲಗೆ ಜಗ್ತಾರೆ. ಮೆಲ್ಲಗೆ ಜಗ್ಗಿದ್ರೆ ಸುಕ್ಕು ಹೋಗಲ್ಲ' ಅಂದ್ಲು." ತಾತ ಬೇಳೆ ಬಡಿಸಿಕೊಂಡ. "ಉಪ್ಪು ಸ್ವಲ್ಪ ಮುಂದಾಗಿದೆ ಇವತ್ತು."

ಗಂಡ ಎದ್ದು ಮುಲಾಮಿನ ಡಬ್ಬಿಗೆ ಮುಚ್ಚಳ ಹಾಕಿಟ್ಟ.

ಮರುದಿನ ಬೆಳಿಗ್ಗೆ ಅವನೇ ಕಂಬದ ಹತ್ತಿರ ನಿಂತ. ಈ ಸಲ ಗುಡುಗು ತಕರಾರಿಲ್ಲದೆ ನಡೆದಳು. ಲಾಡ್ಜಿನ ಒಂದು ಗಂಟು ಮುಗಿಯುವಷ್ಟರಲ್ಲಿ ಗಂಡನ ಮುಖ ಬೆಂದ ಬೀಟ್‌ರೂಟಿನ ಹಾಗಾಗಿತ್ತು.

"ಸ್ವಲ್ಪ ಹೊತ್ತು ನೀನು ನಿಲ್ಲು," ಎಂದ.

"ಬೇಡಪ್ಪ. ದೊಡ್ಡವನು ನೀನು."

"ದೊಡ್ಡವನಾದ್ರೇನು? ಅಮ್ಮನ ಜೊತೆ ಬೆಂದೋಳು ನೀನು. ಜಾಗ ನಿಂದೇ ಅಂತ ನೀನೇ ಹೇಳ್ದೆ."

"ಅಂಗಡಿ ನಡೆಸೋನು ನೀನಲ್ವಾ?"

"ನಡೆಸೋನು ನಡೀಲಿ, ನಿಲ್ಲೋಳು ನಿಲ್ಲಲಿ."

"ಅಪ್ಪ, ಪಾಯಿಂಟ್ ಚೆನ್ನಾಗಿದೆ," ಎಂದಳು ವಕೀಲೆ. ಅವತ್ತು ಶಾಲೆಗೆ ರಜೆ.

ಗುಡುಗು ನಿಂತಳು. ಗಂಡ ಎದುರಿಗೆ ಹೋಗಿ ಮೂಲೆ ಹಿಡಿದ. ಸೊಸೆ ಬಾಗಿಲಿಗೆ ಒರಗಿ ಕೂತಿದ್ದಳು; ಅವಳಿಗೆ ಅವತ್ತು ಸೌಟು ಎತ್ತಲೂ ಆಗದೆ ತಾತ ಬ್ರೆಡ್ಡು, ಮೊಟ್ಟೆಯಲ್ಲಿ ಮನೆಯವರ ತಿಂಡಿ ಮುಗಿಸಿದ್ದ. ಗಂಡ ಮೊದಲ ಸಲ ನಡೆದು ಬಂದು ಮೂಲೆ ಕೊಟ್ಟ. "ಲಾಡ್ಜಿನವರದು ಇನ್ನೂ ಒಂದು ಗಂಟಿದೆ," ಎಂದ. ಹಿಂದೆ ಸರಿದ. ಎರಡನೆಯ ಸಲ ಬಂದ. "ಟೀ ಕುಡಿದ್ಯಾ?" ಎಂದ. ಬೆಳಿಗ್ಗೆ ಇಬ್ಬರೂ ಒಟ್ಟಿಗೇ ಕುಡಿದಿದ್ದರು. ಮೂರನೆಯ ಸಲ ಬಂದವನು ಮೂಲೆ ಕೊಡದೆ ಹಿಡಿದುಕೊಂಡೇ ನಿಂತ. ಕೈ ಚಾಚಿದ ಗುಡುಗು ಕಾದಳು.

"ಕೊಡು ಅಣ್ಣ. ಕೈ ಬಿದ್ದುಹೋಗ್ತಿದೆ."

"ಹೋಗಬೇಡ."

"ಏನು?"

"ಕೇಳಿಸ್ತಲ್ಲ."

"ಕೇಳಿಸ್ತು. ಇನ್ನೊಂದ್ಸಲ ಹೇಳು."

"ಹೋಗಬೇಡ ಅಂದೆ." ಅವನು ಬೆಡ್‌ಶೀಟಿನ ಅಂಚನ್ನು ನೋಡಿಕೊಂಡೇ ಹೇಳಿದ. "ನೀನು ಕೂಲಿಯವಳಲ್ಲ. ಅವತ್ತೇ ಹೇಳಬೇಕಾಗಿತ್ತು. ಬಾಯಲ್ಲಿ ಅನ್ನ ಇತ್ತು."

"ಇಷ್ಟು ದಿನಾನೂ ಅನ್ನ ಇತ್ತಾ?"

"ಹೇಗೆ ಶುರು ಮಾಡೋದು ಅಂತ ಗೊತ್ತಾಗಲಿಲ್ಲ."

ಗುಡುಗು ತಟ್ಟಲಿಲ್ಲ, ತೀರ್ಪು ಕೊಡಲಿಲ್ಲ. ಅವನ ಕೈಯಿಂದ ಬೆಡ್‌ಶೀಟನ್ನು ಕಸಿದುಕೊಂಡು ಅದರಲ್ಲೇ ಮುಖ ಒರೆಸಿಕೊಂಡಳು, ಮೂಗನ್ನೂ.

"ಅತ್ತೆ, ಅದನ್ನ ಮತ್ತೆ ಒಗೀಬೇಕು!" ಎಂದು ವಕೀಲೆ ಕೂಗಿದಳು.

"ಒಗೀತೀನಿ ಬಿಡೇ. ನಾನೆಲ್ಲಿ ಹೋಗ್ತಿದ್ದೀನಿ?"

ಅಷ್ಟರಲ್ಲಿ ಅಂಗಡಿಯ ಫೋನು ಹೊಡೆದುಕೊಂಡಿತು. ಹತ್ತಿರವಿದ್ದವಳು ಸೊಸೆ, ಆದರೆ ಅದನ್ನು ಕಿವಿಯವರೆಗೆ ಎತ್ತಲು ಕೈ ಬರದೆ ಮಗಳು ಎತ್ತಿ ಅವಳ ಕಿವಿಗೆ ಹಿಡಿದಳು. ಹೋಟೆಲಿನ ಮ್ಯಾನೇಜರಮ್ಮನ ದನಿ.

"ನಾಡಿದ್ದು ಒಂದನೇ ತಾರೀಖು. ನಿಮ್ಮ ನಾದಿನಿ ಬೆಳಿಗ್ಗೆ ಎಷ್ಟು ಹೊತ್ತಿಗೆ ಬರ್ತಾರೆ?"

ಸೊಸೆ ಕೋಣೆಯ ಕಡೆ ನೋಡಿದಳು. ಗುಡುಗು ಎಡಭುಜ ಒತ್ತಿಕೊಳ್ಳುತ್ತಿದ್ದಳು. ಗಂಡ ಬಲಭುಜ ಒತ್ತಿಕೊಳ್ಳುತ್ತಿದ್ದ. ಮುಂದಿನ ಗಂಟಿಗೆ ಯಾರು ನಿಲ್ಲಬೇಕೆಂದು ಆಗಲೇ ಗೊಣಗಾಟ ಶುರುವಾಗಿತ್ತು.

"ಅವರು ಬರಲ್ಲ ಮೇಡಂ."

"ಅಯ್ಯೋ, ಯಾಕೆ? ಒಪ್ಕೊಂಡಿದ್ರಲ್ಲ? ನಮ್ಮ ಬೆಡ್‌ಶೀಟುಗಳನ್ನ ಇನ್ನು ಯಾರು ನೋಡ್ಕೊಳ್ತಾರೆ?"

ಸೊಸೆ ಹದಿನೇಳು ವರ್ಷದಲ್ಲಿ ಯಾವ ಗಿರಾಕಿಗೂ ಉತ್ತರ ಕೊಟ್ಟವಳಲ್ಲ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು.

"ಇಲ್ಲಿಗೇ ಕಳಿಸಿಕೊಡಿ ಮೇಡಂ. ಎಷ್ಟಿದ್ರೂ ಮಡಚಿ ಕೊಡ್ತೀವಿ. ಜಗ್ಗೋಕೆ ಬೇಕಾದಷ್ಟು ಜಗಳ ಇದೆ ನಮ್ಮನೇಲಿ."

ಆ ಕಡೆ ಮ್ಯಾನೇಜರಮ್ಮ ಏನೂ ಅರ್ಥವಾಗದೆ "ಹಲೋ? ಹಲೋ?" ಎನ್ನುತ್ತಿದ್ದಳು. ಈ ಕಡೆ ಗುಡುಗು ಭೋರೆಂದು ನಕ್ಕಳು. ಕಿಟಕಿಯ ಗಾಜು ನಡುಗಿತೋ ಇಲ್ಲವೋ, ಸೊಸೆಗೆ ತಡೆಯಲಾಗಲಿಲ್ಲ. ನಕ್ಕರೆ ಭುಜ ನೋಯುತ್ತಿತ್ತು, ನೋಯುತ್ತದೆಂದು ಇನ್ನಷ್ಟು ನಗು ಬರುತ್ತಿತ್ತು. ಇಬ್ಬರೂ ನಗುತ್ತ ನಗುತ್ತ ಹೋಗಿ ಮಡಚಿಟ್ಟ ರಾಶಿಯ ಮೇಲೆಯೇ ಕುಸಿದು ಕೂತರು.

"ಏಳಿ, ಏಳಿ! ಮತ್ತೆ ಇಸ್ತ್ರಿ ಮಾಡಬೇಕಾಗುತ್ತೆ!" ಎಂದ ಗಂಡ.

ಯಾರೂ ಏಳಲಿಲ್ಲ. ಸ್ವಲ್ಪ ಹೊತ್ತು ನೋಡಿ, ಅವನೂ ಪಕ್ಕದಲ್ಲಿ ಜಾಗ ಮಾಡಿಕೊಂಡು ಕೂತ.